ಒಂದು ಹೆಸರಿನ ಪೂರ್ವೋತ್ತರ

ವಿಶ್ವದ ವಿಕಾಸವನ್ನು ಕುರಿತ ಪಾಠವನ್ನು ನಾನು ಪ್ರತಿವರ್ಷವೂ ಒಂದು ಕಥೆಯಿಂದ ಆರಂಭಿಸುತ್ತಿದ್ದೆನು. ಇಂಗ್ಲೆಂಡಿನ ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ ಅವರು ತಮಗೆ ಸೇರದ ಸಿದ್ಧಾಂತವೊಂದನ್ನು ಹೀಯಾಳಿಸುವುದಕ್ಕಾಗಿ ಅದನ್ನು 'ಬಿಗ್ ಬ್ಯಾಂಗ್', ಎಂದರೆ 'ದೊಡ್ಡ ಢಂ' ಎಂದು ಕರೆದರೆಂದೂ, ಕೊನೆಗೆ ಬೈಗುಳವೇ ಬಿರುದಾಗಿ ನಿಂತಿತೆಂದೂ ಆ ಕಥೆ. ತರಗತಿ ನಗುತ್ತಿತ್ತು, ಪಾಠವು ಸುಗಮವಾಗಿ ಮುಂದುವರಿಯುತ್ತಿತ್ತು.

ಕಳೆದ ವರ್ಷ ಮಾತ್ರ ಹಾಗಾಗಲಿಲ್ಲ. ಅಮೆರಿಕದ 'ದಿ ಬಿಗ್ ಬ್ಯಾಂಗ್ ಥಿಯರಿ' ಎಂಬ ಹಳೆಯ ಹಾಸ್ಯ ಧಾರಾವಾಹಿಯನ್ನು ನೋಡಿದ್ದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಹೀಯಾಳಿಸುವುದಕ್ಕಾಗಿಯೇ ಹೇಳಿದರೆಂದು ನಮಗೆ ಹೇಗೆ ಗೊತ್ತು ಸಾರ್? ಹಾಯ್ಲ್ ಅವರೇ ಹಾಗೆಂದು ಒಪ್ಪಿಕೊಂಡಿದ್ದಾರೆಯೆ?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. 'ಎಲ್ಲರೂ ಹಾಗೆ ಹೇಳುತ್ತಾರೆ' ಎಂಬುದು ಭೌತವಿಜ್ಞಾನದ ಅಧ್ಯಾಪಕನ ಬಾಯಲ್ಲಿ ಶೋಭಿಸುವ ಮಾತಲ್ಲ. ಪ್ರಯೋಗಶಾಲೆಯಲ್ಲಿ ಒಂದು ಅಳತೆಯನ್ನು ಮೂರು ಬಾರಿ ತೆಗೆಯಿರೆಂದು ಹುಡುಗರನ್ನು ಗದರಿಸುವ ನಾನು, ಈ ಕಥೆಯನ್ನು ಒಮ್ಮೆಯೂ ಪರೀಕ್ಷಿಸದೆ ವರ್ಷವರ್ಷವೂ ಹೇಳುತ್ತ ಬಂದಿದ್ದೆನು. ಆ ಸಂಜೆಯಿಂದಲೇ ಹುಡುಕತೊಡಗಿದೆನು. ಹುಡುಕಿ ಕಂಡುಕೊಂಡುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಧಾರಾವಾಹಿಯ ವಿಷಯವನ್ನೇ ನೋಡೋಣ. ಚಕ್ ಲಾರಿ ಮತ್ತು ಬಿಲ್ ಪ್ರೇಡಿ ಎಂಬಿಬ್ಬರು ರೂಪಿಸಿದ ಈ ಧಾರಾವಾಹಿಯು ಅಮೆರಿಕದ ಸಿ.ಬಿ.ಎಸ್. ವಾಹಿನಿಯಲ್ಲಿ 2007ರ ಸೆಪ್ಟೆಂಬರ್ 24ರಂದು ಆರಂಭವಾಗಿ, 2019ರ ಮೇ 16ರಂದು ಮುಗಿಯಿತು. ಒಟ್ಟು ಹನ್ನೆರಡು ಸರಣಿಗಳು, 279 ಕಂತುಗಳು. ಕ್ಯಾಲಿಫೋರ್ನಿಯದ ಪ್ಯಾಸಡೀನ ನಗರದಲ್ಲಿ ವಾಸಿಸುವ ಇಬ್ಬರು ಭೌತವಿಜ್ಞಾನಿಗಳು, ಒಬ್ಬ ಎಂಜಿನಿಯರು, ದೆಹಲಿಯಿಂದ ಬಂದ ಒಬ್ಬ ಖಭೌತವಿಜ್ಞಾನಿ, ಮತ್ತು ವಿಜ್ಞಾನದ ಗಂಧವಿಲ್ಲದ ನೆರೆಮನೆಯ ಹುಡುಗಿ, ಇವರ ಸ್ನೇಹ ಸರಸಗಳೇ ಅದರ ವಸ್ತು. ಕಥಾನಾಯಕರಾದ ಶೆಲ್ಡನ್ ಮತ್ತು ಲೆನರ್ಡ್ ಎಂಬವರ ಹೆಸರುಗಳನ್ನು, ಶೆಲ್ಡನ್ ಲೆನರ್ಡ್ ಎಂಬ ಹಿಂದಿನ ಕಾಲದ ನಿರ್ಮಾಪಕರ ಗೌರವಾರ್ಥವಾಗಿ, ಒಂದೇ ಹೆಸರನ್ನು ಎರಡಾಗಿ ಸೀಳಿ ಇಡಲಾಯಿತು.

ಆ ಪಾತ್ರಗಳ ಹಿಂದೆ ನಿಲ್ಲಿಸಿದ ಬಿಳಿಯ ಹಲಗೆಗಳ ಮೇಲಿನ ಸಮೀಕರಣಗಳು ಅರ್ಥವಿಲ್ಲದ ಗೀಚುಗಳಲ್ಲ. ಲಾಸ್ ಏಂಜಲಿಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಭೌತವಿಜ್ಞಾನ ಪ್ರಾಧ್ಯಾಪಕರಾದ ಡೇವಿಡ್ ಸಾಲ್ಟ್ಸ್‌ಬರ್ಗ್ ಅವರು ಸಲಹೆಗಾರರಾಗಿದ್ದು, ಅವು ಸರಿಯಾಗಿರುವಂತೆ ನೋಡಿಕೊಂಡರು. ನೊಬೆಲ್ ಪಾರಿತೋಷಕ ಪಡೆದ ಜಾರ್ಜ್ ಸ್ಮೂಟ್ ಅವರು 2009ರಲ್ಲಿಯೂ, ಸ್ಟೀಫನ್ ಹಾಕಿಂಗ್ ಅವರು 2012ರಲ್ಲಿಯೂ ಅದರಲ್ಲಿ ಸ್ವತಃ ಕಾಣಿಸಿಕೊಂಡರು. ಇಷ್ಟು ಎಚ್ಚರಿಕೆಯಿಂದ ಕಟ್ಟಿದ ಧಾರಾವಾಹಿಯಲ್ಲಿ ನಮ್ಮನ್ನು ತಪ್ಪುದಾರಿಗೆ ಎಳೆಯಬಲ್ಲುದು ಒಂದೇ ಒಂದು: ಅದರ ಹೆಸರು. ಆ ತಪ್ಪು ಅದನ್ನು ರೂಪಿಸಿದವರದಲ್ಲ. ಅದು ಅವರಿಗಿಂತ ಐವತ್ತೆಂಟು ವರ್ಷ ಹಳೆಯದು.

ಹೆಸರು ಹುಟ್ಟುವ ಮೊದಲೇ ಸಿದ್ಧಾಂತವು ಹುಟ್ಟಿತ್ತು. ರಷ್ಯದ ಅಲೆಕ್ಸಾಂಡರ್ ಫ್ರೀಡ್‌ಮನ್ 1922ರಲ್ಲಿ, ಐನ್‌ಸ್ಟೈನರ ಸಮೀಕರಣಗಳ ಪ್ರಕಾರ ವಿಶ್ವವು ಹಿಗ್ಗುತ್ತಿರಬಹುದೆಂದು ತೋರಿಸಿದರು. 1929ರಲ್ಲಿ ಎಡ್ವಿನ್ ಹಬಲ್, ದೂರದೂರದ ಗೆಲಕ್ಸಿಗಳು ತಮ್ಮ ದೂರಕ್ಕೆ ಅನುಗುಣವಾದ ವೇಗದಿಂದ ನಮ್ಮಿಂದ ಸರಿಯುತ್ತಿವೆಯೆಂಬುದಕ್ಕೆ ಆಧಾರಗಳನ್ನು ಪ್ರಕಟಿಸಿದರು. ಹಾಗಾದರೆ ಹಿಂದೆ ಅವೆಲ್ಲವೂ ಒತ್ತಾಗಿ ಇದ್ದಿರಬೇಕಲ್ಲವೆ? ಬೆಲ್ಜಿಯಮಿನ ಪಾದ್ರಿಯೂ ಗಣಿತಜ್ಞರೂ ಆಗಿದ್ದ ಜಾರ್ಜ್ ಲೆಮೇತ್ರ್ 1931ರಲ್ಲಿ, ವಿಶ್ವವೆಲ್ಲ ಒಂದು 'ಆದಿಪರಮಾಣು'ವಿನಿಂದ ಹೊರಟಿತೆಂದು ಸೂಚಿಸಿದರು. 1948ರಲ್ಲಿ ಜಾರ್ಜ್ ಗ್ಯಾಮೊ ಮತ್ತು ಅವರ ಶಿಷ್ಯ ರಾಲ್ಫ್ ಆಲ್ಫರ್, ಆ ಆದಿಕಾಲದ ಉಗ್ರತಾಪದಲ್ಲಿ ಮೂಲವಸ್ತುಗಳು ಹೇಗೆ ರೂಪುಗೊಂಡಿರಬಹುದೆಂದು ಲೆಕ್ಕ ಹಾಕಿದರು.

ಅದೇ 1948ರಲ್ಲಿ ಹರ್ಮನ್ ಬಾಂಡಿ, ಟಾಮಸ್ ಗೋಲ್ಡ್ ಮತ್ತು ಫ್ರೆಡ್ ಹಾಯ್ಲ್ ಇದಕ್ಕೆ ಎದುರಾಗಿ 'ಸ್ಥಿರಸ್ಥಿತಿ' ಸಿದ್ಧಾಂತವನ್ನು ಮಂಡಿಸಿದರು. ವಿಶ್ವಕ್ಕೆ ಆದಿಯಿಲ್ಲ, ಅದು ಹಿಗ್ಗಿದಂತೆಲ್ಲ ಹೊಸ ದ್ರವ್ಯವು ಅಲ್ಪಸ್ವಲ್ಪವಾಗಿ ಹುಟ್ಟಿ ತೆರವನ್ನು ತುಂಬುತ್ತದೆ ಎಂಬುದು ಅವರ ವಾದ. ಮರುವರ್ಷ, 1949ರ ಮಾರ್ಚ್ 28ರಂದು, ಹಾಯ್ಲ್ ಅವರು ಬಿ.ಬಿ.ಸಿ. ಬಾನುಲಿಯಲ್ಲಿ ಈ ವಿಷಯವಾಗಿ ಮಾತನಾಡಿದರು. ದ್ರವ್ಯವೆಲ್ಲ ಬಹು ಹಿಂದೊಂದು ಕಾಲದಲ್ಲಿ ಒಮ್ಮೆಗೇ ಉಂಟಾಯಿತೆಂಬ ಎದುರುಪಕ್ಷದ ಕಲ್ಪನೆಯನ್ನು ವಿವರಿಸುವಾಗ ಅವರ ಬಾಯಿಂದ ಬಂದ ಮಾತೇ 'ಬಿಗ್ ಬ್ಯಾಂಗ್'.

ಅದು ಹೀಯಾಳಿಕೆಯೆ? ಹಾಯ್ಲ್ ಅವರು ಮುಂದೆ ಇದನ್ನು ಸ್ಪಷ್ಟವಾಗಿ ಅಲ್ಲಗಳೆದರು. ಬಾನುಲಿಯಲ್ಲಿ ಚಿತ್ರ ಬರೆದು ತೋರಿಸುವಂತಿಲ್ಲ. ಕೇಳುವವರ ಕಣ್ಣಮುಂದೆ ಎರಡು ಸಿದ್ಧಾಂತಗಳ ಅಂತರವು ನಿಲ್ಲುವಂತೆ ಮಾಡಲು ಬಡಿದೆಬ್ಬಿಸುವ ಮಾತೊಂದು ಬೇಕಾಯಿತು, ಅಷ್ಟೆ ಎಂಬುದು ಅವರ ವಿವರಣೆ. ಅವರಿಗೆ ಆ ಸಿದ್ಧಾಂತವು ಹಿಡಿಸುತ್ತಿರಲಿಲ್ಲವೆಂಬುದು ನಿಜ. 2001ರಲ್ಲಿ ತೀರಿಕೊಳ್ಳುವವರೆಗೂ ಹಿಡಿಸಲಿಲ್ಲ. ಆದರೆ ಸಿದ್ಧಾಂತವನ್ನು ಒಪ್ಪದಿರುವುದು ಬೇರೆ, ಅದನ್ನು ಅಣಕಿಸಲೆಂದೇ ಹೆಸರಿಡುವುದು ಬೇರೆ. ನಾನು ಹೇಳುತ್ತಿದ್ದ ಕಥೆಯು ಮೊದಲನೆಯದರಿಂದ ಎರಡನೆಯದಕ್ಕೆ ಸಾಕ್ಷಿಯಿಲ್ಲದೆ ಹಾರಿತ್ತು.

ಕಥೆಯ ಮತ್ತೊಂದು ಭಾಗವೂ ನಿಲ್ಲುವುದಿಲ್ಲ. ಹೆಸರು ಹುಟ್ಟಿದೊಡನೆ ಜಗತ್ತನ್ನು ಗೆದ್ದಿತೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ 1950ರ ದಶಕದ ವಿದ್ವತ್ಪತ್ರಿಕೆಗಳಲ್ಲಿ ಅದು ಕಾಣುವುದೇ ಅಪರೂಪ. 1965ರಲ್ಲಿ ಆರ್ನೊ ಪೆನ್ಸಿಯಸ್ ಮತ್ತು ರಾಬರ್ಟ್ ವಿಲ್ಸನ್, ಆಕಾಶದ ಎಲ್ಲ ದಿಕ್ಕುಗಳಿಂದಲೂ ಸಮನಾಗಿ ಬರುತ್ತಿರುವ ಒಂದು ಕ್ಷೀಣ ರೇಡಿಯೊ ವಿಕಿರಣವನ್ನು ಪ್ರಕಟಪಡಿಸಿದರು. ಆದಿಯ ತಾಪದ ಉಳಿಕೆಯಾದ ಈ ವಿಕಿರಣಕ್ಕೆ ಸ್ಥಿರಸ್ಥಿತಿ ಸಿದ್ಧಾಂತವು ತೃಪ್ತಿಕರವಾದ ಕಾರಣವನ್ನು ಕೊಡಲಾರದೆ ಹಿಂದೆ ಬಿದ್ದಿತು. ಹಾಯ್ಲ್ ಅವರು ಕೊಟ್ಟ ಹೆಸರು ರೂಢಿಗೆ ಬಂದುದು ಅವರ ಪಕ್ಷವು ಸೋತ ಮೇಲೆ!

1993ರಲ್ಲಿ ಅಮೆರಿಕದ 'ಸ್ಕೈ ಆಂಡ್ ಟೆಲಿಸ್ಕೋಪ್' ಪತ್ರಿಕೆಯು ಇದಕ್ಕಿಂತ ಒಳ್ಳೆಯ ಹೆಸರನ್ನು ಸೂಚಿಸಿರೆಂದು ಸ್ಪರ್ಧೆಯೊಂದನ್ನು ಏರ್ಪಡಿಸಿತು. ಹದಿಮೂರು ಸಾವಿರಕ್ಕೂ ಹೆಚ್ಚು ಸೂಚನೆಗಳು ಬಂದವು. ಕಾರ್ಲ್ ಸೇಗನ್ ಅವರೂ ಇದ್ದ ತೀರ್ಪುಗಾರರ ಮಂಡಲಿಯು ಅವನ್ನೆಲ್ಲ ನೋಡಿ, ಒಂದನ್ನೂ ಆರಿಸದೆ ಕೈಬಿಟ್ಟಿತು. ಮಾತೆಂಬುದು ತಿಮಿಂಗಿಲ ಬೇಟೆಯ ಕೊಕ್ಕೆಯೀಟಿಯಂತೆ, ಒಮ್ಮೆ ನಾಟಿದರೆ ಹೊರಗೆಳೆಯುವುದು ಕಷ್ಟವೆಂದು ಹಾಯ್ಲ್ ಅವರೇ ಹೇಳಿದ್ದುಂಟು.

ಹೆಸರು ಯಾವುದಾದರೇನು, ಇಷ್ಟು ಚರ್ಚೆ ಏಕೆ ಎಂದು ವಾಚಕರು ಕೇಳಬಹುದು. ಕಾರಣವಿದೆ. ಕನ್ನಡದಲ್ಲಿ ನಾವು ಇದನ್ನು 'ಮಹಾಸ್ಫೋಟ' ಎನ್ನುತ್ತೇವೆ. ಇಂಗ್ಲಿಷಿನ ಮಾತು ಬರಿಯ ಸದ್ದನ್ನು ಸೂಚಿಸಿದರೆ, ನಮ್ಮ ಮಾತು ಸ್ಫೋಟವನ್ನೇ ಕಣ್ಣಮುಂದೆ ತರುತ್ತದೆ. ಕೇಳಿದೊಡನೆ ಮನಸ್ಸಿನಲ್ಲಿ ಏಳುವ ಚಿತ್ರವೆಂದರೆ, ಕತ್ತಲ ಬಯಲಿನಲ್ಲಿ ಸಿಡಿಮದ್ದಿನ ಉಂಡೆಯೊಂದು ಸಿಡಿದು, ಚೂರುಗಳು ಸುತ್ತಲೂ ಚಿಮ್ಮುವುದು. ಪ್ರತಿವರ್ಷವೂ ವಿದ್ಯಾರ್ಥಿಗಳು ಕೇಳುವುದು ಒಂದೇ ಪ್ರಶ್ನೆ: "ಅದು ಸಿಡಿದುದು ಎಲ್ಲಿ ಸಾರ್?" ಪ್ರಶ್ನೆಯಲ್ಲಿ ತಪ್ಪಿಲ್ಲ, ಹೆಸರೇ ಅದನ್ನು ಕೇಳಿಸುತ್ತದೆ.

ಒಂದು ಉದ್ದನೆಯ ರಬ್ಬರ್ ಪಟ್ಟಿಯ ಮೇಲೆ ಒಂದೊಂದು ಸೆಂಟಿಮೀಟರಿಗೆ ಒಂದರಂತೆ ಮಸಿಯ ಚುಕ್ಕೆಗಳನ್ನಿಡಿ. ಬಳಿಕ ಪಟ್ಟಿಯು ಎರಡರಷ್ಟು ಉದ್ದವಾಗುವಂತೆ ಎಳೆಯಿರಿ. ಯಾವುದಾದರೂ ಒಂದು ಚುಕ್ಕೆಯ ಮೇಲೆ ನೀವು ಕುಳಿತಿರುವಿರೆಂದು ಭಾವಿಸಿ. ಒಂದು ಸೆಂಟಿಮೀಟರ್ ದೂರವಿದ್ದ ಪಕ್ಕದ ಚುಕ್ಕೆ ಈಗ ಎರಡು ಸೆಂಟಿಮೀಟರ್ ದೂರವಿದೆ. ಒಂದು ಸೆಂಟಿಮೀಟರಿನಷ್ಟು ಸರಿದಿದೆ. ಮೂರು ಸೆಂಟಿಮೀಟರ್ ದೂರವಿದ್ದುದು ಆರಕ್ಕೆ ಹೋಗಿದೆ. ಅದೇ ಅವಧಿಯಲ್ಲಿ ಮೂರು ಸೆಂಟಿಮೀಟರಿನಷ್ಟು ಸರಿದಿದೆ. ದೂರ ಮೂರರಷ್ಟಾದರೆ ವೇಗವೂ ಮೂರರಷ್ಟು. ಹಬಲ್ ಕಂಡ ನಿಯಮ ಇದೇ. ಇನ್ನೊಂದು ಚುಕ್ಕೆಯ ಮೇಲೆ ಕುಳಿತರೂ ಕಾಣುವುದು ಇದೇ ದೃಶ್ಯ. ಎಲ್ಲ ಚುಕ್ಕೆಗಳಿಗೂ ತಾವೇ ನಡುವಿರುವಂತೆ ತೋರುತ್ತದೆ. ನಿಜವಾಗಿ ಯಾವುದೂ ನಡುವಲ್ಲ. ಚುಕ್ಕೆಗಳು ಪಟ್ಟಿಯ ಮೇಲೆ ಓಡಲಿಲ್ಲ, ಪಟ್ಟಿಯೇ ಹಿಗ್ಗಿತು. ರಬ್ಬರಿಗೆ ಎರಡು ತುದಿಗಳಿವೆ, ವಿಶ್ವಕ್ಕೆ ಅಂಥ ಅಂಚಿಲ್ಲ ಎಂಬುದೊಂದನ್ನು ನೆನಪಿನಲ್ಲಿಟ್ಟರೆ, ಈ ಹೋಲಿಕೆ ಸಾಕು.

ಸಿಡಿಮದ್ದಿಗೂ ಇದಕ್ಕೂ ಮೂಲದಲ್ಲಿಯೇ ವ್ಯತ್ಯಾಸವಿದೆ. ಒಳಗಿನ ಅನಿಲದ ಒತ್ತಡವು ಹೊರಗಿನ ಗಾಳಿಯ ಒತ್ತಡಕ್ಕಿಂತ ಬಹಳ ಹೆಚ್ಚಾದುದರಿಂದ ಮದ್ದು ಸಿಡಿಯುತ್ತದೆ. ಆದಿವಿಶ್ವದಲ್ಲಿ ಒತ್ತಡವು ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ ಸಮನಾಗಿತ್ತು. ಕಡಿಮೆ ಒತ್ತಡದ 'ಹೊರಗು' ಎಂಬುದೇ ಇರಲಿಲ್ಲ. ವ್ಯತ್ಯಾಸವಿಲ್ಲದ ಕಡೆ ಒತ್ತಡವು ಯಾವುದನ್ನು ಯಾವ ಕಡೆಗೆ ತಳ್ಳಬೇಕು? ಆದುದರಿಂದ "ಎಲ್ಲಿ ಸಿಡಿಯಿತು" ಎಂಬುದಕ್ಕೆ ಉತ್ತರವಿಷ್ಟೆ: ಸಿಡಿಯಲಿಲ್ಲ, ಹಿಗ್ಗಿತು, ಒಂದೆಡೆಯಲ್ಲಲ್ಲ, ಎಲ್ಲೆಡೆಯಲ್ಲಿಯೂ. ನೀವು ಈಗ ಕುಳಿತಿರುವ ಸ್ಥಳವೂ ಅದರಲ್ಲಿ ಸೇರಿತ್ತು.

ಪೆನ್ಸಿಯಸ್ ಮತ್ತು ವಿಲ್ಸನ್ ಕಂಡ ವಿಕಿರಣವೂ ಇದನ್ನೇ ಹೇಳುತ್ತದೆ. ಒಂದು ಬಿಂದುವಿನಲ್ಲಿ ಸ್ಫೋಟವಾಗಿದ್ದರೆ ಅದರ ಬೆಳಕು ಆ ದಿಕ್ಕಿನಿಂದ ಬರಬೇಕಿತ್ತು. ಇದಾದರೋ ಎಲ್ಲ ದಿಕ್ಕುಗಳಿಂದಲೂ ಬರುತ್ತದೆ. ಅದರ ಉಷ್ಣತೆ ನಿರಪೇಕ್ಷ ಶೂನ್ಯದಿಂದ 2.7 ಡಿಗ್ರಿ ಮೇಲೆ, ಎಂದರೆ ಸುಮಾರು ಸೊನ್ನೆಗಿಂತ 270 ಸೆಲ್ಸಿಯಸ್ ಡಿಗ್ರಿ ಕೆಳಗೆ. ದಿಕ್ಕಿನಿಂದ ದಿಕ್ಕಿಗೆ ಇರುವ ಸೂಕ್ಷ್ಮ ಏರಿಳಿತಗಳು ಲಕ್ಷಕ್ಕೆ ಒಂದು ಪಾಲಿನಷ್ಟು. 1989ರಲ್ಲಿ ಹಾರಿಸಿದ 'ಕೋಬೆ' ಉಪಗ್ರಹದ ನೆರವಿನಿಂದ ಆ ಏರಿಳಿತಗಳನ್ನು 1992ರಲ್ಲಿ ಮೊದಲಿಗೆ ಗುರುತಿಸಿದ ತಂಡದ ನಾಯಕರೇ, ಮುಂದೆ ಧಾರಾವಾಹಿಯಲ್ಲಿ ಕಾಣಿಸಿಕೊಂಡ ಜಾರ್ಜ್ ಸ್ಮೂಟ್.

ಇನ್ನೊಂದು ಸ್ವಾರಸ್ಯವನ್ನು ಹೇಳಬೇಕು. ಧಾರಾವಾಹಿಯ ಹೆಸರು ಸ್ಫೋಟವನ್ನು ಸಾರಿದರೂ, ಪ್ರತಿ ಕಂತಿನ ಮೊದಲು ಬರುವ ಹಾಡು ಆರಂಭವಾಗುವುದು ಬಿಸಿಯಾದ, ದಟ್ಟವಾದ ವಿಶ್ವವೊಂದು ಹಿಗ್ಗತೊಡಗಿದ ಮಾತಿನಿಂದ. ಕಾಲವನ್ನೂ ಅದು ಹೆಚ್ಚುಕಡಿಮೆ ಸರಿಯಾಗಿಯೇ ಹೇಳುತ್ತದೆ. ಇಂದಿನ ಅಳತೆಗಳ ಪ್ರಕಾರ ಅದು 1,380 ಕೋಟಿ ವರ್ಷಗಳ ಹಿಂದಿನ ಮಾತು. 2019ರ ಅಕ್ಟೋಬರಿನಲ್ಲಿ ಸ್ಟಾಕ್‌ಹೋಮಿನಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕವನ್ನು ಘೋಷಿಸುವಾಗ, ಸ್ವೀಡನ್ನಿನ ವಿಜ್ಞಾನ ಅಕಾಡೆಮಿಯ ಕಾರ್ಯದರ್ಶಿಗಳು ಈ ಹಾಡಿನ ಮೊದಲ ಮಾತುಗಳನ್ನೇ ಉದ್ಧರಿಸಿದರು. ಅಂದು ಪಾರಿತೋಷಕದ ಅರ್ಧಭಾಗವನ್ನು ಪಡೆದವರು ವಿಶ್ವದ ವಿಕಾಸವನ್ನು ಐದು ದಶಕಗಳಿಗೂ ಮೀರಿ ಅಭ್ಯಸಿಸಿದ ಜೇಮ್ಸ್ ಪೀಬಲ್ಸ್. ಅವರೋ ಅದೇ ವರ್ಷ, ಈ ಹೆಸರು ಸರಿಯಲ್ಲವೆಂದು ಬಹಿರಂಗವಾಗಿ ಹೇಳಿದರು. ನಮ್ಮಲ್ಲಿರುವುದು ವಿಶ್ವವು ವಿಕಾಸಗೊಂಡ ಬಗೆಯ ಸಿದ್ಧಾಂತವೇ ಹೊರತು ಅದರ ಹುಟ್ಟಿನ ಸಿದ್ಧಾಂತವಲ್ಲ ಎಂಬುದು ಅವರ ಆಕ್ಷೇಪ.

ಈ ವರ್ಷ ಅದೇ ಪಾಠಕ್ಕೆ ಹೋದಾಗ ನಾನು ಹಳೆಯ ಕಥೆಯನ್ನು ಹೇಳಿ, ಬಳಿಕ ಅದು ಏಕೆ ತಪ್ಪೆಂಬುದನ್ನೂ, ಅದನ್ನು ಎಷ್ಟು ವರ್ಷ ಹೇಳಿದೆನೆಂಬುದನ್ನೂ ಹೇಳಿದೆನು. ತರಗತಿ ಈ ಸಲವೂ ನಕ್ಕಿತು, ಆದರೆ ನನ್ನನ್ನು ನೋಡಿ. 'ಮಹಾಸ್ಫೋಟ'ವೆಂಬ ಮಾತನ್ನು ನಾನು ಕೈಬಿಟ್ಟಿಲ್ಲ. ಪುಸ್ತಕಗಳಲ್ಲಿ ಇರುವುದು ಅದೇ, ಪರೀಕ್ಷೆಯಲ್ಲಿ ಬರುವುದೂ ಅದೇ. ಅದನ್ನು ಕಪ್ಪುಹಲಗೆಯ ಮೇಲೆ ಬರೆದ ಕೂಡಲೆ ಜೇಬಿನಿಂದ ರಬ್ಬರ್ ಪಟ್ಟಿಯನ್ನು ತೆಗೆಯುವುದನ್ನು ಮಾತ್ರ ರೂಢಿ ಮಾಡಿಕೊಂಡಿದ್ದೇನೆ.