ಎಂಡೋಥೀಲಿನ್: ಒಂದೇ ಅಣು, ಎರಡು ಗ್ರಾಹಕ

(ತೆರೆಯ ಮೇಲೆ: ರಕ್ತನಾಳದ ಅಡ್ಡಸೀಳು)
ಎಂಡೋಥೀಲಿನ್ ರಕ್ತನಾಳವನ್ನು ಬಲವಾಗಿ ಕುಗ್ಗಿಸುವ ಪೆಪ್ಟೈಡ್. ಇದರಲ್ಲಿರುವುದು 21 ಅಮೈನೊ ಆಮ್ಲ. ಕಂಪ್ಲಿಯ ಗದ್ದೆಯ ಎತ್ತು, ದರೋಜಿಯ ಕರಡಿ, ಮನುಷ್ಯ, ಹೀಗೆ ಸಸ್ತನಿಗಳಲ್ಲಿ ನಾಳದ ಒಳಪದರದ ಕೋಶಗಳೇ ಇದನ್ನು ತಯಾರಿಸುತ್ತವೆ. 1988ರಲ್ಲಿ ಜಪಾನಿನ ತ್ಸುಕುಬಾ ವಿಶ್ವವಿದ್ಯಾಲಯದ ಮಸಾಶಿ ಯಾನಾಗಿಸಾವಾ ಮತ್ತು ಸಂಗಡಿಗರು ಹಂದಿಯ ಮಹಾಪಧಮನಿಯ ಕೋಶಗಳಿಂದ ಇದನ್ನು ಬೇರ್ಪಡಿಸಿದರು.

(ತೆರೆಯ ಮೇಲೆ: ಎ ಗ್ರಾಹಕ, ಬಿ ಗ್ರಾಹಕ)
ನಾಳ ಕುಗ್ಗಬೇಕೋ ಸಡಿಲಾಗಬೇಕೋ ಎಂಬುದು ಕೋಶದ ಮೇಲೆ ಎಂಡೋಥೀಲಿನ್ ಅಂಟಿಕೊಳ್ಳುವ ಗ್ರಾಹಕದ (ರಿಸೆಪ್ಟರ್) ಮೇಲೆ ನಿಂತಿದೆ. 1990ರಲ್ಲಿ ದನದ ಶ್ವಾಸಕೋಶದಿಂದ ಎ ಗ್ರಾಹಕದ, ಇಲಿಯ ಶ್ವಾಸಕೋಶದಿಂದ ಬಿ ಗ್ರಾಹಕದ ರಚನೆ ಪತ್ತೆಯಾಯಿತು. ಎ ಇರುವುದು ನಾಳದ ಸ್ನಾಯುಕೋಶದ ಮೇಲೆ. ಎಂಡೋಥೀಲಿನ್ ಅಂಟಿಕೊಂಡೊಡನೆ ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ, ಸ್ನಾಯು ಬಿಗಿಯುತ್ತದೆ, ನಾಳ ಕಿರಿದಾಗುತ್ತದೆ. ಒಳಪದರದಲ್ಲಿರುವ ಬಿ ನೈಟ್ರಿಕ್ ಆಕ್ಸೈಡ್ ಹೊರಡಿಸಿ ನಾಳವನ್ನು ಸಡಿಲಿಸುತ್ತದೆ. ಶ್ವಾಸಕೋಶದಲ್ಲಿ ಇದೇ ಬಿ ರಕ್ತದಲ್ಲಿನ ಎಂಡೋಥೀಲಿನ್ ಅನ್ನು ತೆಗೆದುಹಾಕುತ್ತದೆ.

(ತೆರೆಯ ಮೇಲೆ: ಇಲಿ, ಮೊಲ)
ಪ್ರಾಣಿ ಬದಲಾದರೆ, ಅಂಗ ಬದಲಾದರೆ ಈ ಲೆಕ್ಕವೂ ಬದಲಾಗುತ್ತದೆ. ಇಲಿಯ ಮಹಾಪಧಮನಿಯನ್ನು ಕುಗ್ಗಿಸುವುದು ಮುಖ್ಯವಾಗಿ ಎ. ಅದೇ ಇಲಿಯ ಮೂತ್ರಪಿಂಡದಲ್ಲಿ ಬಿ ಕೂಡ ನಾಳ ಕುಗ್ಗಿಸುತ್ತದೆ. ಮೊಲದ ಕಾಲಿನ ಸಫೀನಸ್ ಅಭಿಧಮನಿಯಲ್ಲಿ ಬಿ ಸ್ನಾಯುಕೋಶದ ಮೇಲೆಯೇ ಇದ್ದು, ಕುಗ್ಗಿಸುವ ಕೆಲಸ ಮಾಡುತ್ತದೆ. ಆದ್ದರಿಂದ ಒಂದು ಪ್ರಾಣಿಯಲ್ಲಿ ಕಂಡ ಫಲಿತಾಂಶವನ್ನು ಇನ್ನೊಂದಕ್ಕೆ ನೇರವಾಗಿ ಅನ್ವಯಿಸಲಾಗದು.

(ತೆರೆಯ ಮೇಲೆ: ಮಾತ್ರೆ, ಶ್ವಾಸಕೋಶ)
ಶ್ವಾಸಕೋಶದ ಅಪಧಮನಿಗಳಲ್ಲಿ ಒತ್ತಡ ಏರುವ ಕಾಯಿಲೆಗೆ ಔಷಧ ಬಂದದ್ದು ಗ್ರಾಹಕಗಳ ಈ ತಿಳಿವಳಿಕೆಯಿಂದಲೇ. ಬೊಸೆಂಟಾನ್ ಎರಡೂ ಗ್ರಾಹಕಗಳನ್ನು ತಡೆಯುತ್ತದೆ. ಆಂಬ್ರಿಸೆಂಟಾನ್ ಮುಖ್ಯವಾಗಿ ಎ ಗ್ರಾಹಕವನ್ನು. ಇವು ಭ್ರೂಣಕ್ಕೆ ಹಾನಿಕರವಾದ್ದರಿಂದ ಗರ್ಭಿಣಿಯರಿಗೆ ಕೊಡುವಂತಿಲ್ಲ.