ನೆರಳು ಕಟ್ಟುವ ಕೆಲಸ

ಬೆಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸು ಮಧ್ಯಾಹ್ನ ಹನ್ನೆರಡೂಕಾಲರ ಹೊತ್ತಿಗೆ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಅದೇ ದಿನ ಸಂಜೆ ನಾಲ್ಕಕ್ಕೆ ಅದೇ ಕಂಬದ ನೆರಳು ತನ್ನ ಎತ್ತರದ ಸುಮಾರು 1.4 ಪಟ್ಟು ಉದ್ದಕ್ಕೆ ಪೂರ್ವದ ಕಡೆ ಚಾಚಿಕೊಂಡಿರುತ್ತದೆ. ಬಡಾವಣೆಯ ಪಾರ್ಕಿನಲ್ಲಿ ನೆರಳಿನ ಚಪ್ಪರ ಕಟ್ಟಲು ಹೊರಟ ಆರ್ಕಿಟೆಕ್ಚರ್ ವಿದ್ಯಾರ್ಥಿಗಳ ಕೆಲಸ ಶುರುವಾಗುವುದು ಈ ಲೆಕ್ಕದಿಂದ.

ಪೂರ್ವ-ಪಶ್ಚಿಮ 15 ಅಡಿ, ಉತ್ತರ-ದಕ್ಷಿಣ 20 ಅಡಿಯ ಒಂದು ಚಾವಣಿಯನ್ನು 10 ಅಡಿ ಎತ್ತರದಲ್ಲಿ ನಿಲ್ಲಿಸಿದ್ದೇವೆ ಎಂದುಕೊಳ್ಳಿ. ನಡು ಮಧ್ಯಾಹ್ನ ನೆರಳು ಅದರ ಅಡಿಯಲ್ಲೇ ಇರುತ್ತದೆ. ನಾಲ್ಕಕ್ಕೆ ಅದು 14 ಅಡಿ ಪೂರ್ವಕ್ಕೆ ಸರಿದಿರುತ್ತದೆ. ಅಂದರೆ ಚಾವಣಿಯ ಕೆಳಗೆ ಕೂತವರ ಮೈಮೇಲೆ ಬಿಸಿಲು, ಪಕ್ಕದ ಹುಲ್ಲಿನ ಮೇಲೆ ನೆರಳು. ನಮ್ಮ ಎಷ್ಟೋ ಪಾರ್ಕುಗಳ ಕಾಂಕ್ರೀಟ್ ಮಂಟಪಗಳಲ್ಲಿ ಸಂಜೆ ಜನ ಹೊರಗೆ ನಿಂತಿರುವುದು ಇದರಿಂದಲೇ. ಅವು ನಕ್ಷೆಯ ಅಂದಕ್ಕಾಗಿ ದಾರಿಗಳು ಕೂಡುವಲ್ಲಿ ಕೂತಿವೆ, ಸೂರ್ಯನನ್ನು ಕೇಳಿ ಕೂತಿಲ್ಲ.

ಹಾಗಾಗಿ ವಿದ್ಯಾರ್ಥಿಗಳು ಜಾಗದಲ್ಲಿ ಒಂದು ಕೋಲು ನೆಟ್ಟು, ಗಂಟೆಗೊಮ್ಮೆ ನೆರಳಿನ ತುದಿಗೆ ಸುಣ್ಣದ ಗುರುತು ಹಾಕುತ್ತಾರೆ. ಜೊತೆಗೆ ಯಾರು ಯಾವಾಗ ಎಲ್ಲಿ ಕೂರುತ್ತಾರೆ ಎಂದು ಬರೆದುಕೊಳ್ಳುತ್ತಾರೆ. ಬೆಳಗ್ಗೆ ವಾಕಿಂಗ್ ಮುಗಿಸಿದ ಹಿರಿಯರು, ಮಧ್ಯಾಹ್ನ ಬುತ್ತಿ ಬಿಚ್ಚುವ ಪೌರಕಾರ್ಮಿಕರು, ಸಂಜೆ ಮಕ್ಕಳನ್ನು ಆಡಲು ಬಿಟ್ಟು ಕಾಯುವ ತಾಯಂದಿರು. ಬೆಂಗಳೂರಿನ ಪಾರ್ಕುಗಳಿಗೆ ಹಿಂದೆ ನಡು ಮಧ್ಯಾಹ್ನ ಬೀಗ ಬೀಳುತ್ತಿತ್ತು. 2024ರಲ್ಲಿ ಪಾಲಿಕೆ ಅವನ್ನು ದಿನವಿಡೀ ತೆರೆದಿಡಲು ತೀರ್ಮಾನಿಸಿದ ಮೇಲೆ ಉರಿಬಿಸಿಲಿನ ಹೊತ್ತಿನ ನೆರಳಿಗೂ ಗಿರಾಕಿಗಳು ಬಂದರು.

ಗುರುತುಗಳು ಕೈಗೆ ಬಂದ ಮೇಲೆ ರಟ್ಟಿನ ಮಾದರಿ. ಇಲ್ಲೊಂದು ಸೊಗಸಾದ ಉಪಾಯವಿದೆ. ಊರಿನ ಅಕ್ಷಾಂಶಕ್ಕೆ, ಬೆಂಗಳೂರಿಗಾದರೆ 13 ಡಿಗ್ರಿಗೆ, ಬರೆದ ಕಾಗದದ ನೆರಳು ಗಡಿಯಾರವನ್ನು ಮಾದರಿಯ ಹಲಗೆಗೆ ಅಂಟಿಸಿ ನಡುವೆ ಒಂದು ಗುಂಡುಸೂಜಿ ನಿಲ್ಲಿಸುತ್ತಾರೆ. ಹಲಗೆಯನ್ನು ಬಿಸಿಲಿಗೆ ಹಿಡಿದು, ಸೂಜಿಯ ನೆರಳು ‘ಏಪ್ರಿಲ್, ಸಂಜೆ ನಾಲ್ಕು’ ಎಂಬ ಗೆರೆ ಮುಟ್ಟುವವರೆಗೆ ವಾಲಿಸುತ್ತಾರೆ. ಆಗ ಮಾದರಿಯ ಮೇಲೆ ಬಿದ್ದಿರುವುದು ಏಪ್ರಿಲ್ ಸಂಜೆಯ ನೆರಳೇ. ಡಿಸೆಂಬರ್ ಬೇಕೆಂದರೆ ಕೈ ಸ್ವಲ್ಪ ತಿರುಗಿಸಿದರೆ ಸಾಕು. ಕಂಪ್ಯೂಟರ್ ಕೂಡ ಇದನ್ನು ತೋರಿಸುತ್ತದೆ, ಆದರೆ ಹಲಗೆ ಹಿಡಿದ ಕೈಗೆ ಅದು ಬೇಗ ತಿಳಿಯುತ್ತದೆ. ಪಶ್ಚಿಮದ ಅಂಚನ್ನು ಏಳು ಅಡಿಗೆ ಇಳಿಸಬೇಕು, ಆ ಬದಿಗೆ ದಬ್ಬೆಯ ತಟ್ಟಿ ಕಟ್ಟಬೇಕು, ಕೂರುವ ಕಟ್ಟೆಯನ್ನು ಪೂರ್ವಕ್ಕೆ ಸರಿಸಬೇಕು ಎಂಬ ತೀರ್ಮಾನಗಳು ಹುಟ್ಟುವುದು ಹೀಗೆ. ದಬ್ಬೆ ಎಂದರೆ ಬಿದಿರನ್ನು ಉದ್ದಕ್ಕೆ ಸೀಳಿದ ಪಟ್ಟಿ.

ವಿದ್ಯಾರ್ಥಿಗಳು ತಾವೇ ರೂಪಿಸಿ ತಾವೇ ಕಟ್ಟುವ ಈ ಕಲಿಕೆಗೆ ಅಮೆರಿಕದಲ್ಲಿ ಹೆಸರಾಂತ ಮಾದರಿಗಳಿವೆ. ಯೇಲ್ ವಿಶ್ವವಿದ್ಯಾಲಯದಲ್ಲಿ 1967ರಿಂದ ಇದು ನಡೆದಿದೆ. ಅಲಬಾಮಾದ ಹಳ್ಳಿಗಾಡಿನಲ್ಲಿ ಸ್ಯಾಮ್ಯುಯೆಲ್ ಮಾಕ್‌ಬೀ ಮತ್ತು ಡಿ. ಕೆ. ರೂತ್ 1993ರಲ್ಲಿ ‘ರೂರಲ್ ಸ್ಟುಡಿಯೊ’ ಶುರುಮಾಡಿದರು. ಅಲ್ಲಿನ ವಿದ್ಯಾರ್ಥಿಗಳು ಬಡವರಿಗೆ ಮನೆಗಳನ್ನಷ್ಟೇ ಅಲ್ಲ, ಊರಿಗೆ ಪಾರ್ಕುಗಳನ್ನೂ ಕಟ್ಟಿಕೊಟ್ಟಿದ್ದಾರೆ. ನಮ್ಮಲ್ಲಿ ಇಂಥ ಕೆಲಸಕ್ಕೆ ಒದಗಿಬರುವುದು ಬಿದಿರು.

ಬಿದಿರಿನ ಆಯ್ಕೆಯೇ ಒಂದು ವಿದ್ಯೆ. ಮೂರರಿಂದ ಐದು ವರ್ಷ ಬಲಿತ ಗಳ ಬೇಕು. ಎಳೆಯದು ಹೊಳೆಯುವ ಹಸಿರು, ಮೈಮೇಲೆ ಪೊರೆ ಉಳಿದಿರುತ್ತದೆ. ಬಲಿತದ್ದರ ಹಸಿರು ಮಂಕಾಗಿ, ಅಲ್ಲಲ್ಲಿ ಬಿಳಿ ಮಚ್ಚೆ ಮೂಡಿರುತ್ತದೆ. ಮಳೆಗಾಲ ಕಳೆದು ಗಳದೊಳಗಿನ ಪಿಷ್ಟ ಇಳಿದ ಮೇಲೆ ಕಡಿಯಬೇಕು, ಏಕೆಂದರೆ ಕುಟ್ಟೆಹುಳ ಬರುವುದೇ ಆ ಪಿಷ್ಟಕ್ಕೆ. 2017ರವರೆಗೆ ಕಾನೂನಿನ ಕಣ್ಣಿನಲ್ಲಿ ಬಿದಿರು ಮರವಾಗಿತ್ತು. ಆ ವರ್ಷದ ತಿದ್ದುಪಡಿ ಅದನ್ನು ಮರಗಳ ಪಟ್ಟಿಯಿಂದ ಕೈಬಿಟ್ಟ ಮೇಲೆ ರೈತರ ಹೊಲದ ಬಿದಿರು ತರುವುದು ಸುಲಭವಾಯಿತು.

ತಂದ ಗಳಗಳ ಒಳಗಿನ ಗೆಣ್ಣುಗಳನ್ನು ಉದ್ದದ ಕಬ್ಬಿಣದ ಸರಳಿನಿಂದ ತೂತು ಮಾಡಿ, ಬಿಳಿಗಾರ ಮತ್ತು ಬೋರಿಕ್ ಆಮ್ಲ ಕರಗಿಸಿದ ನೀರಿನಲ್ಲಿ ದಿನಗಟ್ಟಲೆ ಮುಳುಗಿಸಿಡುತ್ತಾರೆ. ಆಮೇಲೆ ನೆರಳಿನಲ್ಲಿ ನಿಲ್ಲಿಸಿ ಒಣಗಿಸಬೇಕು. ಇಲ್ಲಿ ಆತುರ ಸಲ್ಲದು. ಹಸಿ ಬಿದಿರು ಒಣಗುತ್ತಾ ಸಣ್ಣದಾಗುತ್ತದೆ, ಅದರಿಂದ ಮಾಡಿದ ಕಟ್ಟುಗಳೆಲ್ಲ ಸಡಿಲವಾಗುತ್ತವೆ.

ಕೈಚಳಕವೆಲ್ಲ ಇರುವುದು ಜೋಡಣೆಯಲ್ಲಿ. ಮರದ ತೊಲೆಗೆ ಚಪ್ಪಟೆ ಮುಖವಿದೆ, ಬಿದಿರಿಗಿಲ್ಲ. ದುಂಡಗಿನ ಗಳದ ತುದಿ ಇನ್ನೊಂದು ದುಂಡಗಿನ ಗಳದ ಮೈಗೆ ಕೂರಬೇಕಾದರೆ ಆ ತುದಿಯನ್ನು ಬಾಗಿದ ಕಚ್ಚಾಗಿ ಕೊರೆಯಬೇಕು. ವಿದ್ಯಾರ್ಥಿನಿಯೊಬ್ಬಳು ಕಾಗದ ಸುತ್ತಿ ಬಾಗಿನ ಗೆರೆ ಎಳೆಯುತ್ತಾಳೆ, ಸಣ್ಣ ಗರಗಸದಿಂದ ಕೊಯ್ಯುತ್ತಾಳೆ, ದುಂಡು ಅರದಿಂದ ಉಜ್ಜುತ್ತಾಳೆ. ಕೂರಿಸಿ ನೋಡಿದರೆ ಸಂದಿಯಲ್ಲಿ ಬೆಳಕು ಕಾಣುತ್ತದೆ. ತೆಗೆದು ಮತ್ತೆ ಉಜ್ಜುತ್ತಾಳೆ. ಬೆಳಕು ಕಾಣದಾಗುವವರೆಗೆ ಇದೇ ಕೆಲಸ. ಕಚ್ಚಿನ ಹಿಂದೆಯೇ ಗೆಣ್ಣು ಇರಲೇಬೇಕು. ಒಳಗೆ ಅಡ್ಡಗೋಡೆ ಇರುವುದು ಅಲ್ಲಿ ಮಾತ್ರ, ಅದಿಲ್ಲದ ತುದಿ ಭಾರಕ್ಕೆ ಜಜ್ಜಿಹೋಗುತ್ತದೆ. ಆದ್ದರಿಂದ ಗಳಗಳನ್ನು ನೆಲದ ಮೇಲೆ ಹರವಿ, ಯಾವ ಗೆಣ್ಣು ಯಾವ ಕಟ್ಟಿಗೆ ಬರುತ್ತದೆಂದು ನೋಡಿ, ಒಂದೊಂದಕ್ಕೂ ಸೀಮೆಸುಣ್ಣದಲ್ಲಿ ಸಂಖ್ಯೆ ಬರೆಯುತ್ತಾರೆ. ನಕ್ಷೆಯಲ್ಲಿ ಎಲ್ಲವೂ ಒಂದೇ ದಪ್ಪದ ಗೆರೆಗಳು, ಕೈಗೆ ಬಂದಾಗ ಎರಡು ಗಳ ಒಂದೇ ತರಹ ಇರುವುದಿಲ್ಲ.

ಮೊಳೆ ಹೊಡೆದರೆ ಬಿದಿರು ಸೀಳುತ್ತದೆ, ಅದರ ನಾರೆಲ್ಲ ಉದ್ದಕ್ಕೇ ಇರುವುದು. ಅದಕ್ಕೇ ತೂತು ಕೊರೆದು ಬೋಲ್ಟ್ ಹಾಕುತ್ತಾರೆ. ಬೋಲ್ಟ್ ಬಿಗಿಯುವಾಗ ಟೊಳ್ಳು ಕುಸಿಯದಂತೆ ಅಲ್ಲಿನ ಎರಡು ಗೆಣ್ಣುಗಳ ನಡುವಿಗೆ ಮೊದಲೇ ಸಿಮೆಂಟ್ ಗಾರೆ ತುಂಬಿಸುತ್ತಾರೆ. ಮೇದಾರರ ಕೈ ಪಕ್ಕದಲ್ಲಿದ್ದರೆ ವಿದ್ಯಾರ್ಥಿಗಳ ಪುಣ್ಯ. ತಲೆಮಾರುಗಳಿಂದ ಬಿದಿರು ಸೀಳಿ ಬುಟ್ಟಿ, ತಟ್ಟಿ ಹೆಣೆದವರಿಗೆ ಕತ್ತಿ ಇಡುವ ಮೊದಲೇ ಗಳ ಎಲ್ಲಿ ಸೀಳುತ್ತದೆಂದು ಗೊತ್ತಿರುತ್ತದೆ.

ಇಷ್ಟೆಲ್ಲ ಬಿಸಿಲಿಗಾಗಿ. ಆದರೆ ಚಪ್ಪರದ ನಿಜವಾದ ಶತ್ರು ಗಾಳಿ. ಬೆಂಗಳೂರಿಗೆ ಭಾರತೀಯ ಮಾನಕ ಐಎಸ್ 875 ಸೂಚಿಸುವ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಗಂಟೆಗೆ ಸುಮಾರು 119 ಕಿಲೋಮೀಟರ್. ಒರಟು ಲೆಕ್ಕದಲ್ಲಿ ಅದು ಚದರ ಮೀಟರಿಗೆ 66 ಕಿಲೋ ಒತ್ತಡ. ನಮ್ಮ 28 ಚದರ ಮೀಟರಿನ ಚಾವಣಿಯನ್ನು ಅದು 1,800 ಕಿಲೋಗೂ ಹೆಚ್ಚು ಬಲದಿಂದ ಮೇಲಕ್ಕೆತ್ತಬಹುದು. ಬಿದಿರಿನ ತೂಕ ಅದರ ಮುಂದೆ ಏನೂ ಅಲ್ಲ. ಹೀಗಾಗಿ ಅಡಿಪಾಯದ ಕೆಲಸ ಇಲ್ಲಿ ಭಾರ ಹೊರುವುದಕ್ಕಿಂತ ಹೆಚ್ಚಾಗಿ ಹಿಡಿದುಕೊಳ್ಳುವುದು. ಎರಡಡಿ ಉದ್ದ, ಅಗಲ, ಆಳದ ಒಂದು ಕಾಂಕ್ರೀಟ್ ಗಟ್ಟಿ ಸುಮಾರು 540 ಕಿಲೋ ತೂಗುತ್ತದೆ. ನಾಲ್ಕು ಕಂಬಕ್ಕೆ ನಾಲ್ಕು ಎಂದರೆ ಲೆಕ್ಕ ಹೇಗೋ ಸರಿಹೋಗುತ್ತದೆ, ಎಂಜಿನಿಯರ್ ಅದರ ಮೇಲೆ ಇನ್ನಷ್ಟು ಸೇರಿಸಿಯೇ ಸಹಿ ಹಾಕುವುದು.

ಗುಂಡಿಗಳನ್ನು ಕೈಯಲ್ಲೇ ತೋಡುತ್ತಾರೆ. ಪಾರ್ಕಿನ ಮರದ ದಪ್ಪ ಬೇರು ಸಿಕ್ಕರೆ ಗುಂಡಿ ಸರಿಯಬೇಕು, ಬೇರಲ್ಲ. ಕಂಬಗಳ ನಡುವೆ 12 ಅಡಿ, 16 ಅಡಿ ಇಟ್ಟರೆ ಮೂಲೆಯಿಂದ ಮೂಲೆಗೆ ಹಿಡಿದ ದಾರ ಸರಿಯಾಗಿ 20 ಅಡಿ ಬರಬೇಕು. ಬಂದರೆ ಮೂಲೆಮಟ್ಟ ಸರಿಯಿದೆ. ಕಾಂಕ್ರೀಟನ್ನು ನೆಲದಿಂದ ಒಂದೂವರೆ ಅಡಿ ಮೇಲಕ್ಕೆ ಎತ್ತಿ, ಅದರಿಂದ ಹೊರಟ ಸರಳಿನ ಮೇಲೆ ಗಳವನ್ನು ಕೂರಿಸಿ ಒಳಗೆ ಗಾರೆ ತುಂಬುತ್ತಾರೆ. ಬಿದಿರಿನ ಬುಡಕ್ಕೆ ಮಣ್ಣಿನ ತೇವ, ಮಳೆಯ ಸಿಡಿತ ತಾಗಬಾರದು. ಬಿಳಿಗಾರ ಹುಳವನ್ನು ತಡೆಯುತ್ತದೆ, ಆದರೆ ಮಳೆಗೆ ತೊಳೆದುಹೋಗುತ್ತದೆ.

ಚೌಕಟ್ಟನ್ನು ನೆಲದಲ್ಲೇ ಜೋಡಿಸಿ, ಹಗ್ಗ ಕಟ್ಟಿ ಎಲ್ಲರೂ ಸೇರಿ ಎತ್ತುತ್ತಾರೆ. ಓರೆ ಗಳಗಳು ಬಿಗಿಯುವವರೆಗೆ ಹಗ್ಗ ಬಿಡುವಂತಿಲ್ಲ. ಹೊದಿಕೆಗೆ ತಗಡು ಹಾಕಿದರೆ ಅದೇ ಕಾದು ಕೆಳಗಿನವರ ತಲೆ ಸುಡುತ್ತದೆ. ಬಿದಿರಿನ ಚಾಪೆಗಳನ್ನು ರಾಳದಲ್ಲಿ ಅದ್ದಿ, ಬಿಸಿಯಲ್ಲಿ ಒತ್ತಿ ಮಾಡುವ ಏರಿಳಿತದ ಹಾಳೆಗಳು ಇದಕ್ಕೆ ಒಪ್ಪುತ್ತವೆ. ಅವನ್ನು ರೂಪಿಸಿದ್ದೂ ಬೆಂಗಳೂರಿನ ಪ್ಲೈವುಡ್ ಸಂಶೋಧನಾ ಸಂಸ್ಥೆಯೇ. ಅಂಚುಗಳು ಎಲ್ಲ ಕಡೆ ಕಂಬದಿಂದ ಒಂದೂವರೆ, ಎರಡಡಿ ಆಚೆಗೆ ಚಾಚಿರುತ್ತವೆ, ಬಿದಿರು ನೆನೆಯದಿರಲೆಂದು.

ಕೊನೆಗೆ ಪಾರ್ಕಿನ ಮಾಲಿಗೆ ಒಂದು ಹಾಳೆ ಕೊಡಬೇಕು. ಮೊದಲ ಮಳೆಗಾಲ ಕಳೆದ ಮೇಲೆ ಯಾವ ಬೋಲ್ಟುಗಳನ್ನು ಮತ್ತೆ ಬಿಗಿಯಬೇಕು, ಎಲ್ಲಿ ಹಳದಿ ಪುಡಿ ಉದುರಿದರೆ ಕುಟ್ಟೆ ಬಂದಿದೆಯೆಂದು ತಿಳಿಯಬೇಕು, ಯಾವ ಗಳವನ್ನು ಉಳಿದವನ್ನು ಬಿಚ್ಚದೆಯೇ ಬದಲಿಸಬಹುದು ಎಂದು ಅದರಲ್ಲಿ ಚಿತ್ರ ಸಮೇತ ಬರೆದಿರುತ್ತದೆ.