ಗಿಟಾರಿಗೆ ಯಾವ ವೈಬ್ರಾಟೊ ಬ್ರಿಜ್?

ಎಲೆಕ್ಟ್ರಿಕ್ ಗಿಟಾರಿನ ವೈಬ್ರಾಟೊ ಬ್ರಿಜ್‌ಗೆ ಲೋಹದ ಒಂದು ಹಿಡಿ ಇರುತ್ತದೆ. ಅದನ್ನು ಬಲಗೈಯಿಂದ ಒತ್ತಿದರೆ ಆರೂ ತಂತಿಗಳು ಒಟ್ಟಿಗೆ ಸಡಿಲಗೊಂಡು ಸ್ವರ ಕೆಳಕ್ಕೆ ಜಾರುತ್ತದೆ. ಕೈ ಬಿಟ್ಟರೆ ಸ್ಪ್ರಿಂಗ್ ಬ್ರಿಜ್ಜನ್ನು ಸ್ವಸ್ಥಾನಕ್ಕೆ ಎಳೆದುಕೊಳ್ಳುತ್ತದೆ. ಕಷ್ಟವಿರುವುದು ಈ ಮರಳುವಿಕೆಯಲ್ಲೇ. ಪ್ರತಿ ತಂತಿಯೂ ಮೊದಲಿನ ಶ್ರುತಿಗೇ ಬಂದು ನಿಲ್ಲಬೇಕು.

ಇವುಗಳಲ್ಲಿ ಹಳೆಯದು, ಇಂದಿಗೂ ಬಳಕೆಯಲ್ಲಿರುವುದು ಬಿಗ್ಸ್‌ಬಿ. ಗಿಟಾರ್ ವಾದಕ ಮರ್ಲ್ ಟ್ರಾವಿಸ್ ಅವರಿಗಾಗಿ ಕ್ಯಾಲಿಫೋರ್ನಿಯಾದ ಪಾಲ್ ಬಿಗ್ಸ್‌ಬಿ ಇದನ್ನು ರೂಪಿಸಿದರು. ತಂತಿಗಳು ತಿರುಗುವ ಒಂದು ಸಲಾಕೆಗೆ ಸುತ್ತಿಕೊಂಡಿರುತ್ತವೆ. ಹಿಡಿಯ ಕೆಳಗೆ ದಪ್ಪನೆಯ ಒಂದೇ ಸ್ಪ್ರಿಂಗ್. ಗಿಟಾರಿನ ಮೇಲ್ಮೈಯಲ್ಲೇ ಕೂರುವುದರಿಂದ ಒಡಲನ್ನು ಕೊರೆಯಬೇಕಿಲ್ಲ. ಟೊಳ್ಳು ಒಡಲಿನ ಗಿಟಾರುಗಳಿಗೆ ಒಗ್ಗಿದ್ದು ಇದಕ್ಕೇ. ಆದರೆ ಇದರ ಚಲನೆ ಅಲ್ಪ. ಸ್ವರವನ್ನು ಮೃದುವಾಗಿ ಅಲುಗಿಸಲು ಸಾಕು, ಆಳಕ್ಕೆ ಇಳಿಸಲು ಸಾಲದು.

1954ರಲ್ಲಿ ಫೆಂಡರ್ ಸ್ಟ್ರಾಟೊಕಾಸ್ಟರ್ ಜೊತೆಗೆ ಬಂದ ವ್ಯವಸ್ಥೆಯಲ್ಲಿ ಇಡೀ ಬ್ರಿಜ್ಜೇ ವಾಲುತ್ತದೆ. ತಂತಿಗಳು ಲೋಹದ ದಿಮ್ಮಿಯೊಂದರ ಮೂಲಕ ಹಾದುಹೋಗುತ್ತವೆ. ಹಿಂಬದಿಯ ಗೂಡಿನಲ್ಲಿ ಐದರವರೆಗೆ ಸ್ಪ್ರಿಂಗ್‌ಗಳಿರುತ್ತವೆ. ಒಂದು ಕಡೆ ತಂತಿಗಳ ಸುಮಾರು 40 ಕಿಲೋ ಎಳೆತ, ಇನ್ನೊಂದು ಕಡೆ ಸ್ಪ್ರಿಂಗ್‌ಗಳ ಎಳೆತ: ಎರಡೂ ತಕ್ಕಡಿಯಂತೆ ಸಮತೂಗಬೇಕು. ತಂತಿಯ ದಪ್ಪ ಬದಲಿಸಿದರೆ ಈ ಸಮತೋಲನವನ್ನೂ ಮತ್ತೆ ಹೊಂದಿಸಬೇಕಾಗುತ್ತದೆ. ಗಿಟಾರ್ ವಾದಕರಾದ ಹ್ಯಾಂಕ್ ಮಾರ್ವಿನ್ ಅವರ ನಯವಾದ ಅಲೆ, ಜಿಮಿ ಹೆಂಡ್ರಿಕ್ಸ್ ಅವರ ಆರ್ಭಟ ಎರಡೂ ಈ ಸರಳ ಸಾಧನದಿಂದಲೇ ಹೊಮ್ಮಿದವು. ಇದಕ್ಕಿಂತ ಉತ್ತಮ ತಾಂತ್ರಿಕತೆ ಆಮೇಲೆ ಬಂತು; ಇದರಷ್ಟು ಬಹುಮುಖಿಯಾದುದು ಬಂದಿಲ್ಲ.

ಆದರೆ ಹಿಡಿಯನ್ನು ಜೋರಾಗಿ ಒತ್ತಿದಾಗ ತಂತಿಯು ಗಿಟಾರಿನ ಕತ್ತಿನ ತುದಿಯಲ್ಲಿ ಅದನ್ನು ಹೊತ್ತ ಪಟ್ಟಿಯಾದ ನಟ್‌ನಲ್ಲಿ ಸಿಕ್ಕಿಕೊಳ್ಳುತ್ತದೆ, ಬಿರಡೆಯ ಸುತ್ತು ಸಡಿಲಾಗುತ್ತದೆ. 1970ರ ದಶಕದ ಕೊನೆಗೆ ಫ್ಲಾಯ್ಡ್ ರೋಸ್ ಎಂಬವರು ನೀಡಿದ ಪರಿಹಾರ ನೇರವಾದದ್ದು: ನಟ್ ಮತ್ತು ಬ್ರಿಜ್ ಎರಡರಲ್ಲೂ ತಂತಿಯನ್ನು ಬಿಗಿದುಬಿಡುವುದು. ತಂತಿಗಳು ಜೋತಾಡುವಷ್ಟು ಒತ್ತಿದರೂ ಶ್ರುತಿ ಮರಳುತ್ತದೆ. ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ಇದನ್ನು ಮನೆಮಾತಾಗಿಸಿದರು. ಇದಕ್ಕೆ ತೆರಬೇಕಾದ ಬೆಲೆ ತಾಳ್ಮೆ. ತಂತಿ ಬದಲಿಸಲು ಅಲೆನ್ ಕೀ ಬೇಕು, ಸಾಮಾನ್ಯವಾಗಿ ತಂತಿಯ ತುದಿಯ ಗುಂಡನ್ನೂ ಕತ್ತರಿಸಬೇಕು. ಕಛೇರಿಯ ನಡುವೆ ಒಂದು ತಂತಿ ಹರಿದರೆ ಉಳಿದ ಐದರ ಶ್ರುತಿಯೂ ಏರಿಬಿಡುತ್ತದೆ.

ಹೀಗೆ ತಂತಿ ಮತ್ತು ಸ್ಪ್ರಿಂಗ್ ಎಳೆತಗಳ ನಡುವೆ ತೇಲುವ ಬ್ರಿಜ್ಜಿಗೆಲ್ಲ ಇನ್ನೊಂದು ಮಿತಿಯಿದೆ. ಎಡಗೈ ಬೆರಳಿನಿಂದ ಒಂದು ತಂತಿಯನ್ನು ಎಳೆದರೆ ಬ್ರಿಜ್ ಮುಂದಕ್ಕೆ ವಾಲಿ ಉಳಿದ ತಂತಿಗಳ ಶ್ರುತಿ ಇಳಿಯುತ್ತದೆ. ತಂತಿ ಎಳೆದೇ ಗಮಕ ಮೂಡಿಸುವ ಕರ್ನಾಟಕ ಸಂಗೀತದ ಗಿಟಾರ್ ವಾದಕರಿಗೆ, ಅದರಲ್ಲೂ ಪಕ್ಕದ ತಂತಿಯಲ್ಲಿ ಷಡ್ಜ ಹಿಡಿದಿಡುವವರಿಗೆ, ಇದು ದೊಡ್ಡ ತೊಡಕು. ಅಂಥವರಿಗೆ ಅಲುಗದ ಬ್ರಿಜ್ಜೇ ಒಳ್ಳೆಯದು. ಎರಿಕ್ ಕ್ಲಾಪ್ಟನ್ ಕೂಡ ತಮ್ಮ ಸ್ಟ್ರಾಟೊಕಾಸ್ಟರ್‌ನ ಬ್ರಿಜ್ ಅಲುಗದಂತೆ ಮರದ ತುಂಡು ಇಟ್ಟುಕೊಂಡವರು.

ಮೊದಲ ಬಾರಿ ಕೊಳ್ಳುವವರಿಗೆ ಸ್ಟ್ರಾಟೊಕಾಸ್ಟರ್ ಮಾದರಿಯೇ ಸರಿ. ಸ್ಪ್ರಿಂಗ್‌ಗಳನ್ನು ಬಿಗಿಗೊಳಿಸಿ ಬ್ರಿಜ್ ಒಡಲಿಗೆ ಒರಗುವಂತೆ ಮಾಡಿದರೆ ಸ್ವರವನ್ನು ಇಳಿಸಲು ಮಾತ್ರ ಸಾಧ್ಯ. ಆದರೆ ಶ್ರುತಿ ಹೆಚ್ಚು ಸ್ಥಿರವಾಗಿರುತ್ತದೆ. ಇರುವ ಗಿಟಾರಿಗೆ ಫ್ಲಾಯ್ಡ್ ರೋಸ್ ಬ್ರಿಜ್ ಹಾಕಿಸಬೇಕೆಂದರೆ ಸಾಮಾನ್ಯವಾಗಿ ಮರ ಕೊರೆಯಬೇಕಾಗುತ್ತದೆ, ಕೊರೆದ ಮರ ಮತ್ತೆ ಕೂಡುವುದಿಲ್ಲ. ಅದಕ್ಕೂ ಮೊದಲು ನಟ್‌ನ ಸೀಳುಗಳನ್ನು ನುಣುಪಾಗಿಸಿ, ಪೆನ್ಸಿಲಿನ ಗ್ರಾಫೈಟ್ ಸವರಿ ನೋಡಬೇಕು. ಬ್ರಿಜ್ಜಿನದೆಂದು ದೂರುವ ಶ್ರುತಿದೋಷ ಎಷ್ಟೋ ಸಲ ಅಲ್ಲಿಗೇ ನಿವಾರಣೆಯಾಗುತ್ತದೆ.